ಗಾಡಿ ನೋಡುವ ಮೊದಲು ಪ್ಲಗ್ ನೋಡಿ: ಮಂಗಳೂರು, ಉಡುಪಿಯಲ್ಲಿ ಕೆಲಸಕ್ಕೆ ಹೋಗುವವರಿಗೆ ಎಲೆಕ್ಟ್ರಿಕ್ ಸ್ಕೂಟರ್ ಮಾರ್ಗದರ್ಶಿ

ನನ್ನ ಅತ್ತಿಗೆ ಹಂಪನಕಟ್ಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾರೆ. ಮನೆ ಸುರತ್ಕಲ್ ಹತ್ತಿರ. ಅಂಗಡಿಯ ಶಟರ್ ಎಳೆಯುವುದು ರಾತ್ರಿ ಎಂಟೂವರೆಗೆ. ಹಬ್ಬದ ಸೀಸನ್ನಿನಲ್ಲಿ ಒಂಬತ್ತೂ ದಾಟುತ್ತದೆ. ಬೆಳಿಗ್ಗೆ ಒಂದರ ಹಿಂದೆ ಒಂದು ಓಡುವ ಬಸ್ಸುಗಳು ಆ ಹೊತ್ತಿಗೆ ಅಪರೂಪ. ಕ್ಯಾಶ್ ಲೆಕ್ಕ ಐದು ನಿಮಿಷ ತಡವಾಯಿತೋ, ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನ ಕಡೆಗೆ ಓಟ. ಬಸ್ಸು ತಪ್ಪಿದರೆ ರಿಕ್ಷಾ. ಅಷ್ಟು ದೂರ ರಿಕ್ಷಾ ಮಾಡಿದರೆ ಆ ದಿನ ದುಡಿದದ್ದರಲ್ಲಿ ದೊಡ್ಡ ಪಾಲು ಅಲ್ಲಿಗೇ ಹೋಯಿತು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದಾಗ ಅವರಿಗೂ ಖುಷಿಯಾಗಿತ್ತು. ಆದರೆ ಆ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಎರಡೂ ಊರಿನಲ್ಲಿ ಸಿಟಿ ಬಸ್ಸು ಅಂದರೆ ಹೆಚ್ಚಿನವು ಖಾಸಗಿ. ಹಾಗಾಗಿ ಟಿಕೆಟ್ ಖರ್ಚು ಇದ್ದೇ ಇದೆ.

ಕೊನೆಗೊಂದು ದಿನ ಅವರೇ ಕೇಳಿದರು. "ಎಲೆಕ್ಟ್ರಿಕ್ ಗಾಡಿ ತಗೊಳ್ಳುವ ಅಂತ ಉಂಟು. ಯಾವುದು ಒಳ್ಳೇದು, ಹೇಳು ಮಾರಾಯ."

"ಅತ್ತಿಗೆ, ನಿಮ್ಮ ಚಾವಡಿಯಲ್ಲಿ ದೊಡ್ಡ ಪ್ಲಗ್ ಉಂಟಾ? ಮಿಕ್ಸಿಯದ್ದಲ್ಲ, ಗೀಸರಿನದ್ದು?"

ಅವರಿಗೆ ನಗು. ಗಾಡಿ ಕೇಳಿದರೆ ಪ್ಲಗ್ ಕೇಳುತ್ತಾನಲ್ಲ ಇವನು ಅಂತ. ಆದರೆ ನಾನೇ ಈ ಗಾಡಿ ಓಡಿಸಿ ಮೂರು ಮಳೆಗಾಲ ಕಳೆದಿದ್ದೇನೆ. ಶೋರೂಂಗೆ ಹೋಗಿ ಬಣ್ಣ ಆರಿಸಿ, ಆಮೇಲೆ ಮನೆಯಲ್ಲಿ ಪ್ಲಗ್ ಹುಡುಕಿದವನು ನಾನು. ಆ ತಪ್ಪು ನಿಮಗೆ ಬೇಡ. ಅದಕ್ಕೇ ಇದನ್ನು ಹಿಂದಿನಿಂದ ಮುಂದಕ್ಕೆ ಬರೆಯುತ್ತಿದ್ದೇನೆ.

1. ನಿಮಗೆ ಗಾಡಿ ನಿಜವಾಗಿ ಬೇಕಾ?

ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಸಂಜೆ ಆರಕ್ಕೆ ಬರುವ ಕೆಲಸ, ಮನೆ ಎದುರೇ ಬಸ್ ಸ್ಟಾಪ್ ಅಂತಾದರೆ ಬೇಡ. ಹಗಲು ಹೊತ್ತಿನಲ್ಲಿ ನಮ್ಮ ಸಿಟಿ ಬಸ್ಸುಗಳಷ್ಟು ಚುರುಕು ಬೇರೆ ಯಾವುದೂ ಇಲ್ಲ. ಕಂಡಕ್ಟರ್ ವಿಸಿಲ್ ಹೊಡೆದು ಹತ್ತಿಸಿಕೊಂಡು ಹೋಗುತ್ತಾರೆ.

ಗಾಡಿ ಬೇಕಾಗುವುದು ಬಸ್ಸಿನ ಹೊತ್ತಿಗೂ ಕೆಲಸದ ಹೊತ್ತಿಗೂ ತಾಳೆಯಾಗದವರಿಗೆ. ಬಂದರಿನ ಧಕ್ಕೆಗೋ ಮಲ್ಪೆಗೋ ನಸುಕಿನಲ್ಲೇ ಮುಟ್ಟಬೇಕಾದವರು. ಕಂಕನಾಡಿ, ದೇರಳಕಟ್ಟೆ, ಮಣಿಪಾಲದ ಆಸ್ಪತ್ರೆಗಳಲ್ಲಿ ಶಿಫ್ಟ್ ಮಾಡುವ ನರ್ಸ್‌ಗಳು, ಆಯಾಗಳು. ಬೈಕಂಪಾಡಿಯ ಫ್ಯಾಕ್ಟರಿಗಳಲ್ಲಿ ಸೆಕೆಂಡ್ ಶಿಫ್ಟಿನವರು. ಹೋಟೆಲ್, ಮಾಲ್, ಬಟ್ಟೆ ಅಂಗಡಿಯವರು. ಮತ್ತೆ, ಬಸ್ಸಿಳಿದು ಎರಡು ಕಿಲೋಮೀಟರ್ ಒಳಗೆ ನಡೆಯಬೇಕಾದವರು. ಹಗಲಲ್ಲಿ ಅದು ವ್ಯಾಯಾಮ, ರಾತ್ರಿ ಹತ್ತಕ್ಕೆ ನಾಯಿಗಳ ಮಧ್ಯೆ ಬೇರೆಯೇ ಕಥೆ.

ಮಂಗಳೂರು–ಉಡುಪಿ ದಿನಾ ಓಡಾಡುವವರಿಗೆ ಒಂದು ಮಾತು. ಹೋಗಿ ಬರುವಾಗ ನೂರು ಕಿಲೋಮೀಟರ್ ದಾಟುತ್ತದೆ, ಅದೂ ಹೈವೇ 66ರಲ್ಲಿ, ಲಾರಿಗಳ ಜೊತೆ. ದಯವಿಟ್ಟು ಬೇಡ. ಮನೆಯಿಂದ ಎಕ್ಸ್‌ಪ್ರೆಸ್ ಬಸ್ ನಿಲ್ಲುವಲ್ಲಿವರೆಗೆ ಸ್ಕೂಟರ್, ಅಲ್ಲಿಂದ ಬಸ್ಸು. ಅದು ಚೆನ್ನಾಗಿ ಹೊಂದುತ್ತದೆ.

2. ಪ್ಲಗ್

ಹೆಚ್ಚಿನ ಸ್ಕೂಟರ್‌ಗಳ ಮನೆ ಚಾರ್ಜರ್ ಎಳೆಯುವುದು ಸುಮಾರು 700 ವ್ಯಾಟ್. ಇಸ್ತ್ರಿ ಪೆಟ್ಟಿಗೆಗಿಂತ ಕಡಿಮೆ. ಹಾಗಾದರೆ ಹೆದರಿಕೆ ಎಂತದ್ದು ಅಂತ ಕೇಳಬಹುದು. ಇಸ್ತ್ರಿ ಹತ್ತು ನಿಮಿಷ ಓಡಿ ನಿಲ್ಲುತ್ತದೆ. ಇದು ನಾಲ್ಕೈದು ಗಂಟೆ ಒಂದೇ ಸಮನೆ ಎಳೆಯುತ್ತದೆ, ಅದೂ ನೀವು ನಿದ್ದೆ ಮಾಡುವಾಗ. ಸಡಿಲ ಸಾಕೆಟ್ ಬಿಸಿಯಾಗುವುದು ಹಾಗೆ.

ನನ್ನ ಮನೆಯಲ್ಲಿ ಆದದ್ದೇ ಹೇಳುತ್ತೇನೆ. ಮೊದಲ ವಾರ ಒಳಗಿನ ರೂಮಿನಿಂದ ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು, ಕಿಟಕಿಯಲ್ಲಿ ವಯರ್ ತೂರಿಸಿ ಚಾರ್ಜಿಗೆ ಹಾಕುತ್ತಿದ್ದೆ. ನಾಲ್ಕನೇ ರಾತ್ರಿ ಏನೋ ಸುಟ್ಟ ವಾಸನೆ. ಎದ್ದು ನೋಡಿದರೆ ಬಾಕ್ಸಿನ ಒಂದು ತೂತಿನ ಸುತ್ತ ಪ್ಲಾಸ್ಟಿಕ್ ಕಂದಾಗಿ, ಪಿನ್ನಿಗೆ ಮೇಣದ ಹಾಗೆ ಅಂಟಿಕೊಂಡಿತ್ತು. ಪ್ಲಗ್ ಎಳೆದರೆ ಬಾಕ್ಸೂ ಜೊತೆಗೇ ಬಂತು. ಗಾಡಿಗೆ ಏನೂ ಆಗಿರಲಿಲ್ಲ. ಮರುದಿನವೇ ಎಲೆಕ್ಟ್ರಿಷಿಯನ್ ಬಂದರು.

ನೀವು ಮೊದಲೇ ಕರೆಸಿ. ಅವರಿಗೆ ಹೇಳಬೇಕಾದದ್ದು ಇಷ್ಟು. ಗಾಡಿ ನಿಲ್ಲಿಸುವ ಜಾಗದ ಹತ್ತಿರ ಮೂರು ಪಿನ್ನಿನ 16 ಆಂಪ್ಸ್ ಸಾಕೆಟ್. ಅದಕ್ಕೆ ಮೀಟರ್ ಬೋರ್ಡಿನಿಂದ ಪ್ರತ್ಯೇಕ ಲೈನ್, 2.5 ಸ್ಕ್ವೇರ್ ಎಂಎಂ ತಾಮ್ರದ ವಯರ್. ಅದಕ್ಕೇ ಒಂದು ಎಂಸಿಬಿ, ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್. ಜೊತೆಗೆ 30 ಮಿಲಿಆಂಪ್ಸ್‌ನ ಆರ್‌ಸಿಸಿಬಿ, ಶಾಕ್ ಹೊಡೆದರೆ ತಕ್ಷಣ ಲೈನ್ ಕಡಿಯುವುದು ಅದೇ. ಮಳೆ ಎರಚಲು ತಾಗದ ಎತ್ತರ, ಮೇಲೆ ಒಂದು ಮುಚ್ಚಳ.

ಆಮೇಲೆ ಅರ್ಥಿಂಗ್. ಹಳೆಯ ಹಂಚಿನ ಮನೆಗಳಲ್ಲಿ ಮೂರನೇ ತೂತು ಹೆಸರಿಗೆ ಮಾತ್ರ, ಹಿಂದೆ ವಯರೇ ಇರುವುದಿಲ್ಲ. ಆರ್‌ಸಿಸಿಬಿ ಜೋಡಿಸುವ ಮೊದಲೇ ಫೇಸ್‌ಗೂ ಅರ್ಥಿಗೂ ಟೆಸ್ಟ್ ಬಲ್ಬ್ ಇಟ್ಟು ತೋರಿಸಿ ಅಂತ ಕೇಳಿ. ಪೂರ್ತಿ ಉರಿಯಬೇಕು. ಮಿಣುಕು ಮಿಣುಕು ಉರಿದರೆ ಅರ್ಥಿಂಗ್ ಸಾಲದು. ನಮ್ಮ ಮುರಕಲ್ಲಿನ ನೆಲ ಮಾರ್ಚ್ ಬಂದರೆ ಒಣಗಿ ಕಲ್ಲಾಗುತ್ತದೆ. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಂದು ಕೊಡಪಾನ ನೀರು ಹಾಕಿ. ನನ್ನಜ್ಜ ಫ್ರಿಜ್ ಬಂದ ಕಾಲದಿಂದಲೂ ಹಾಕುತ್ತಿದ್ದರು. ಯಾಕೆ ಅಂತ ನನಗೆ ಗೊತ್ತಾಗಿದ್ದು ಈಗ.

ಬಾಡಿಗೆ ಮನೆಯಾದರೆ ಓನರ್ ಹತ್ತಿರ ಮೊದಲೇ ಮಾತಾಡಿ. ಫ್ಲ್ಯಾಟ್ ಆದರೆ ಅಸೋಸಿಯೇಷನ್ನಿಗೆ ಒಂದು ಪತ್ರ. ನಿಮ್ಮ ಮೀಟರಿನಿಂದಲೇ ಪಾರ್ಕಿಂಗ್‌ಗೆ ಲೈನ್ ಎಳೆದರೆ ತಕರಾರು ಕಡಿಮೆ. ಸ್ವಂತ ಗಾಡಿಯನ್ನು ಮನೆ ಅಥವಾ ಆಫೀಸಿನ ಈಗಿರುವ ಕನೆಕ್ಷನ್ನಿನಲ್ಲೇ ಚಾರ್ಜ್ ಮಾಡಬಹುದು ಅಂತ ಕೇಂದ್ರ ವಿದ್ಯುತ್ ಸಚಿವಾಲಯದ ಮಾರ್ಗಸೂಚಿಯಲ್ಲೇ ಇದೆ. ಪತ್ರದಲ್ಲಿ ಅದನ್ನು ಬರೆಯಿರಿ, ತೂಕ ಬರುತ್ತದೆ.

ಮೂರನೇ ಮಹಡಿ, ಕೆಳಗೆ ಪ್ಲಗ್ಗೇ ಸಿಗುವುದಿಲ್ಲ ಅಂತಾದರೆ ಬ್ಯಾಟರಿ ಬಿಚ್ಚಿ ಒಳಗೆ ಒಯ್ಯುವ ಗಾಡಿ ನೋಡಿ. ಹೀರೋದ ವಿಡಾ ಹಾಗೆ. ಏಥರ್, ಟಿವಿಎಸ್ ಐಕ್ಯೂಬ್, ಬಜಾಜ್ ಚೇತಕ್‌ಗಳಲ್ಲಿ ಬ್ಯಾಟರಿ ಗಾಡಿಯಲ್ಲೇ ಕೂತಿರುತ್ತದೆ. ಒಂದೊಂದು ಬ್ಯಾಟರಿ ಹತ್ತು ಕಿಲೋ ದಾಟುತ್ತದೆ, ನೆನಪಿರಲಿ. ರಾತ್ರಿ ಪಾಳಿ ಮುಗಿಸಿ ಬಂದು ಅದನ್ನು ಹೊತ್ತು ಮೆಟ್ಟಿಲು ಹತ್ತಲು ಆಗುತ್ತದಾ ಅಂತ ಒಮ್ಮೆ ಹತ್ತು ಕಿಲೋ ಅಕ್ಕಿ ಚೀಲ ಹಿಡಿದು ನೋಡಿ.

ಕೆಲಸದ ಜಾಗದಲ್ಲೂ ಕೇಳಬಹುದು. ಮೂವತ್ತು ಕಿಲೋಮೀಟರ್ ಓಡಿದ ಗಾಡಿ ಮತ್ತೆ ತುಂಬಲು ಒಂದೂವರೆ, ಎರಡು ಗಂಟೆ ಸಾಕು. ತಿಂಗಳ ಕರೆಂಟ್ ಖರ್ಚು ಇನ್ನೂರು ರೂಪಾಯಿ ಆಚೀಚೆ. "ನಾನೇ ಕೊಡ್ತೇನೆ ಸರ್" ಅಂದರೆ ಹೆಚ್ಚಿನ ಯಜಮಾನರು ಬೇಡ ಅನ್ನುವುದಿಲ್ಲ.

ಗೃಹಜ್ಯೋತಿ ಇದ್ದವರು ಇಲ್ಲಿ ಸ್ವಲ್ಪ ನಿಂತು ಓದಿ. ನಿಮಗೆ ಉಚಿತ ಇರುವುದು 200 ಯೂನಿಟ್ ಅಲ್ಲ. ಹೆಚ್ಚಿನವರಿಗೆ 2022-23ರ ಸರಾಸರಿ ಬಳಕೆ, ಅದರ ಮೇಲೆ ಶೇ. 10. ಸರಾಸರಿ 90 ಇದ್ದ ಮನೆಗೆ 99. ಸ್ಕೂಟರ್ ಬಂದ ಮೇಲೆ ತಿಂಗಳಿಗೆ 30 ಯೂನಿಟ್ ಸೇರುತ್ತದೆ ಅನ್ನಿ. 120 ಆಯಿತು. ಹೆಚ್ಚಾದ 21 ಯೂನಿಟ್‌ಗೆ ಬಿಲ್ ಬರುತ್ತದೆ, ದೊಡ್ಡ ವಿಷಯವಲ್ಲ. ಆದರೆ ನೀವು ಈಗಾಗಲೇ 175, 180ರಲ್ಲಿದ್ದರೆ ಜಾಗ್ರತೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಅಂಥ ಮನೆಯವರು ವಾರದಲ್ಲಿ ಎರಡು ದಿನವಾದರೂ ಕೆಲಸದ ಜಾಗದಲ್ಲಿ ಚಾರ್ಜ್ ಮಾಡುವ ದಾರಿ ನೋಡಿಕೊಳ್ಳಿ.

3. ದಾರಿಯ ಲೆಕ್ಕ

ಒಂದು ಹಾಳೆ ತೆಗೊಳ್ಳಿ. ಮನೆಯಿಂದ ಕೆಲಸಕ್ಕೆ ಎಷ್ಟು, ಮಗುವನ್ನು ಶಾಲೆಗೆ ಬಿಡುವುದು ಎಷ್ಟು, ವಾಪಸ್ಸು ಬರುವಾಗ ಮಾರ್ಕೆಟ್ಟಿಗೆ ಸುತ್ತುವುದು ಎಷ್ಟು, ಎಲ್ಲ ಬರೆಯಿರಿ. ಅತ್ತಿಗೆಯದ್ದು ಹೋಗಿ ಬರಲು 32 ಕಿಲೋಮೀಟರ್. ತೊಕ್ಕೊಟ್ಟಿನಿಂದ ಹಂಪನಕಟ್ಟೆಗೆ ಬರುವವರದ್ದು ಅದರ ಅರ್ಧ. ಮಲ್ಪೆಯಿಂದ ಮಣಿಪಾಲಕ್ಕೆ ಹೋಗಿ ಬರುವವರದ್ದು ಇಪ್ಪತ್ತರ ಆಸುಪಾಸು.

ಈಗ ಕಂಪನಿಯವರು ಹೇಳುವ ಮೈಲೇಜ್. 3 ಕಿಲೋವ್ಯಾಟ್ ಅವರ್ ಬ್ಯಾಟರಿ ಅಂದರೆ ಮನೆ ಬಿಲ್ಲಿನ ಭಾಷೆಯಲ್ಲಿ 3 ಯೂನಿಟ್ ಹಿಡಿಯುವ ಡಬ್ಬ. ಅದಕ್ಕೆ 120 ಕಿಲೋಮೀಟರ್ ಅಂತ ಬರೆದಿದ್ದರೆ ಅದು ಪರೀಕ್ಷೆಯ ಲೆಕ್ಕ. ಹತ್ತಕ್ಕೆ ಏಳು ಹಿಡಿಯಿರಿ, 84. ನಾಲ್ಕೈದು ವರ್ಷದಲ್ಲಿ ಬ್ಯಾಟರಿ ಸ್ವಲ್ಪ ಸೊರಗುತ್ತದೆ, ಅದರಲ್ಲೂ ಹತ್ತಕ್ಕೆ ಎಂಟು. ಉಳಿಯಿತು 67. ಆ 67 ನಿಮ್ಮ ದಿನದ ಓಡಾಟದ ಒಂದೂವರೆ ಪಟ್ಟು ಇದ್ದರೆ ಸಾಕು. ಅತ್ತಿಗೆಗೆ ಧಾರಾಳ. ಇನ್ನೂ ದೊಡ್ಡ ಬ್ಯಾಟರಿಗೆ ಇಪ್ಪತ್ತು ಸಾವಿರ ಜಾಸ್ತಿ ಕೊಡಿ ಅಂತ ಹೇಳಿದರೆ, ಬೇಡ ಅನ್ನಿ.

"ನಮ್ಮದು ಗುಡ್ಡೆ ಊರು, ಚಾರ್ಜ್ ಸರ್ರನೆ ಇಳಿಯುತ್ತದೆ" ಅಂತ ಎಲ್ಲರೂ ಹೆದರಿಸುತ್ತಾರೆ. ಒಮ್ಮೆ ಲೆಕ್ಕ ಹಾಕಿ ನೋಡೋಣ. ಉಡುಪಿಯಿಂದ ಮಣಿಪಾಲಕ್ಕೆ 70 ಮೀಟರ್ ಏರು ಎಂದು ಹಿಡಿಯಿರಿ. ಗಾಡಿ ಮತ್ತು ಇಬ್ಬರು ಸೇರಿ 240 ಕಿಲೋ. ಅಷ್ಟು ತೂಕವನ್ನು ಅಷ್ಟು ಎತ್ತರಕ್ಕೆ ಒಯ್ಯಲು, ಮೋಟರಿನ ನಷ್ಟ ಸೇರಿಸಿದರೂ, ಯೂನಿಟ್‌ನ ಇಪ್ಪತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. 3 ಯೂನಿಟ್ ಬ್ಯಾಟರಿಯಲ್ಲಿ ಶೇಕಡ 2. ವಾಪಸ್ಸು ಇಳಿಯುವಾಗ ಅದರಲ್ಲೂ ಸ್ವಲ್ಪ ತಿರುಗಿ ಬರುತ್ತದೆ. ಚಾರ್ಜ್ ನಿಜವಾಗಿ ಕುಡಿಯುವುದು ವೇಗ. ಕೂಳೂರು ದಾಟಿ ಹೈವೇಯಲ್ಲಿ 70ರಲ್ಲಿ ಹೋದರೆ ಗೊತ್ತಾಗುತ್ತದೆ. 45ರಲ್ಲಿ ಹೋದವರು ಎರಡು ದಿನಕ್ಕೊಮ್ಮೆ ಪ್ಲಗ್ ಹಾಕುತ್ತಾರೆ.

ಗುಡ್ಡೆಯಲ್ಲಿ ನೋಡಬೇಕಾದದ್ದು ಚಾರ್ಜ್ ಅಲ್ಲ, ಎಳೆಯುವ ಶಕ್ತಿ. ಬಿಕರ್ನಕಟ್ಟೆಯ ಏರಿನಲ್ಲಿ ಟ್ರಾಫಿಕ್ಕಿಗೆ ನಿಂತು, ಇಬ್ಬರನ್ನು ಕೂರಿಸಿಕೊಂಡು ಮತ್ತೆ ಹೊರಡಬೇಕಲ್ಲ, ಆಗ ಗಾಡಿಯ ಬಂಡವಾಳ ಬಯಲಾಗುತ್ತದೆ.

4. "ಲೈಸೆನ್ಸ್ ಬೇಡದ ಗಾಡಿ"

250 ವ್ಯಾಟ್‌ಗಿಂತ ಕಡಿಮೆ ಮೋಟರ್, ಗಂಟೆಗೆ 25 ಕಿಲೋಮೀಟರ್ ಮೀರದ ವೇಗ. ಈ ಎರಡು ಮಿತಿಯೊಳಗೆ ಪಾಸಾದ ಗಾಡಿಗೆ ನೋಂದಣಿ ಬೇಡ, ಲೈಸೆನ್ಸ್ ಬೇಡ. ಎಲೆಕ್ಟ್ರಿಕ್ ಸೈಕಲ್ಲುಗಳು, ಕೆಲವು ಚಿಕ್ಕ ಸ್ಕೂಟರುಗಳು ಈ ಗುಂಪಿನವು. ಬೆಲೆಯೂ ಕಡಿಮೆ.

ಉಡುಪಿಯ ಅಂಬಲಪಾಡಿಯಿಂದ ಮಲ್ಪೆ ಕಡೆಗೆ, ಸಮತಟ್ಟು ದಾರಿಯಲ್ಲಿ ಒಬ್ಬರೇ ನಾಲ್ಕು ಕಿಲೋಮೀಟರ್ ಹೋಗುವುದಾದರೆ ಚೆನ್ನಾಗಿದೆ. ಅದೇ ಗಾಡಿಯಲ್ಲಿ ಕದ್ರಿ ಏರು ಹತ್ತಲು ಹೋದರೆ ಕಾಲು ಕೆಳಗಿಟ್ಟು ದೂಡಬೇಕಾಗುತ್ತದೆ. ಎಲೆಕ್ಟ್ರಿಕ್ ಸೈಕಲ್ ಆದರೆ ಪೆಡಲ್ ಇದೆ, ಹೇಗೋ ಆಗುತ್ತದೆ.

ಮೋಸ ಇರುವುದು ಇನ್ನೊಂದು ಕಡೆ. "ಲೈಸೆನ್ಸ್ ಬೇಡ, ನಂಬರ್ ಬೇಡ, 45ರಲ್ಲಿ ಓಡ್ತದೆ" ಅಂತ ಮಾರುವವರಿದ್ದಾರೆ. 25 ದಾಟಿ ಓಡಿದರೆ ಅದು ಕಾನೂನಿನ ಲೆಕ್ಕದಲ್ಲಿ ಮೋಟರ್ ವಾಹನವೇ. ನಂಬರ್ ಇಲ್ಲ, ಇನ್ಶೂರೆನ್ಸ್ ಇಲ್ಲ, ನಿಮಗೆ ಲೈಸೆನ್ಸೂ ಇಲ್ಲ. ಯಾರಿಗಾದರೂ ತಾಗಿದರೆ ಅವರ ಆಸ್ಪತ್ರೆ ಖರ್ಚು ನಿಮ್ಮ ಕೈಯಿಂದಲೇ. ವೇಗ ಹೆಚ್ಚಿಸುವ ವಯರ್ ಎಲ್ಲಿದೆ ಅಂತ ತೋರಿಸುವ ಅಂಗಡಿಯಾದರೆ ಅಲ್ಲಿಂದ ಹೊರಡಿ.

ಸಾಮಾನ್ಯ ಸ್ಕೂಟರ್‌ಗೆ ಗೇರ್ ಇಲ್ಲದ ದ್ವಿಚಕ್ರದ ಲೈಸೆನ್ಸ್ ಸಾಕು. ಮೊದಲು ಕಲಿಯುವವರ ಲೈಸೆನ್ಸ್, ಅಂದರೆ ಎಲ್‌ಎಲ್. ಅದಕ್ಕೆ ಸಾರಥಿ ಪೋರ್ಟಲ್‌ನಲ್ಲಿ ಅರ್ಜಿ. ಎಲ್‌ಎಲ್ ಸಿಕ್ಕಿ 30 ದಿನವಾದ ಮೇಲೆ ಡ್ರೈವಿಂಗ್ ಟೆಸ್ಟ್. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ. ಗಾಡಿ ಬುಕ್ ಮಾಡುವ ತಿಂಗಳ ಮೊದಲೇ ಇದಕ್ಕೆ ಹಾಕಿ.

5. ಶೋರೂಂನಲ್ಲಿ

ಹೋಗುವಾಗ ಒಬ್ಬರನ್ನು ಕರೆದುಕೊಂಡು ಹೋಗಿ. ಮಾತಿಗಲ್ಲ, ತೂಕಕ್ಕೆ. ಟೆಸ್ಟ್ ರೈಡ್‌ಗೆ ಅವರು ಚಪ್ಪಟೆ ರಸ್ತೆಯಲ್ಲಿ ಒಂದು ಸುತ್ತು ಕೊಡುತ್ತಾರೆ. ಸಾಲದು. ಹತ್ತಿರದ ಏರು ಯಾವುದೋ ಅಲ್ಲಿಗೆ ಇಬ್ಬರೂ ಕೂತು ಹೋಗಿ. ಉಡುಪಿಯವರಿಗೆ ಇಂದ್ರಾಳಿಯಿಂದ ಮಣಿಪಾಲ, ಮಂಗಳೂರಿನವರಿಗೆ ಬಾವುಟಗುಡ್ಡೆ. ಏರಿನ ಮಧ್ಯೆ ಬ್ರೇಕ್ ಹಿಡಿದು ನಿಲ್ಲಿ. ಹಿಂದಕ್ಕೆ ಜಾರದೆ ಮತ್ತೆ ಹೊರಡಬೇಕು. ಸೀಟಿನಲ್ಲಿ ಕೂತು ಎರಡೂ ಕಾಲು ನೆಲಕ್ಕೆ ಮುಟ್ಟುತ್ತದಾ ನೋಡಿ. ಈ ಗಾಡಿಗಳು 110, 120 ಕಿಲೋ ತೂಗುತ್ತವೆ. ಪಾರ್ಕಿಂಗ್‌ನಲ್ಲಿ ಎಳೆದಾಡುವಾಗ ಗೊತ್ತಾಗುತ್ತದೆ. ರಿವರ್ಸ್ ಇದ್ದರೆ ಒಳ್ಳೆಯದು.

ಅವರು ತೋರಿಸುವ ಪರದೆ, ಹಾಡು, ಬಣ್ಣದ ಲೈಟು ಎಲ್ಲ ನೋಡಿ ಆಯಿತು ಅನ್ನಿ. ಆಮೇಲೆ ಸರ್ವಿಸ್ ಎಲ್ಲಿ ಅಂತ ಕೇಳಿ. ಮಾರುವ ಜಾಗ ಅಲ್ಲ, ರಿಪೇರಿ ಮಾಡುವ ಜಾಗ. ಅಲ್ಲಿಗೇ ಹೋಗಿ, ಹೊರಗೆ ನಿಂತಿರುವ ಗಾಡಿಗಳ ಮೇಲೆ ಎಷ್ಟು ಧೂಳು ಕೂತಿದೆ ಅಂತ ನೋಡಿ. ಕಾಯುತ್ತಿರುವ ಒಬ್ಬ ಗಿರಾಕಿಯನ್ನು ಮಾತಾಡಿಸಿ. ನನಗೆ ಒಮ್ಮೆ ಒಂದು ಸಣ್ಣ ಪಾರ್ಟಿಗೆ ಹದಿನೆಂಟು ದಿನ ಕಾಯಬೇಕಾಯಿತು. ಹದಿನೆಂಟು ದಿನ ಮತ್ತೆ ಬಸ್ಸು. ದಿನಗೂಲಿಯವರಿಗೆ ಇದು ಮೈಲೇಜಿಗಿಂತ ದೊಡ್ಡ ವಿಷಯ. ಹಾಗಾಗಿ ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಮನೆಯಿಂದ ಹತ್ತು ಕಿಲೋಮೀಟರ್ ಒಳಗೆ ಸರ್ವಿಸ್ ಇಲ್ಲದ ಗಾಡಿ, ಎಷ್ಟೇ ಚಂದ ಇರಲಿ, ಬೇಡ.

ಬ್ಯಾಟರಿ ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್, ಮತ್ತು ಶಕ್ತಿ ಶೇಕಡ ಎಷ್ಟಕ್ಕೆ ಇಳಿದರೆ ಬದಲಿಸಿ ಕೊಡುತ್ತಾರೆ, ಈ ಮೂರನ್ನೂ ಪೇಪರಿನಲ್ಲಿ ಪಡೆಯಿರಿ. ಡೆಲಿವರಿ ಕೆಲಸಕ್ಕೆ ಓಡಿಸುವವರು ಅದನ್ನು ಮೊದಲೇ ಹೇಳಿ. ಬಾಡಿಗೆ, ಡೆಲಿವರಿಗೆ ಬಳಸಿದರೆ ವಾರಂಟಿ ಇಲ್ಲ ಅಂತ ಸಣ್ಣ ಅಕ್ಷರದಲ್ಲಿ ಇರುವುದುಂಟು. ಸ್ವಂತ ಬಳಕೆಯ ಎಲೆಕ್ಟ್ರಿಕ್ ಗಾಡಿಗೆ ಹಸಿರು ಪ್ಲೇಟಿನಲ್ಲಿ ಬಿಳಿ ಅಕ್ಷರ, ಬಾಡಿಗೆಯದ್ದಕ್ಕೆ ಹಸಿರಿನಲ್ಲಿ ಹಳದಿ ಅಕ್ಷರ.

ಆನ್‌ಲೈನ್ ಬುಕಿಂಗ್ ಮಾಡುವವರು ಗೂಗಲ್‌ನಲ್ಲಿ ಮೊದಲು ಕಂಡ ಲಿಂಕ್ ಒತ್ತಬೇಡಿ. ಕಂಪನಿಗಳ ಹೆಸರಿನಲ್ಲಿ ನಕಲಿ ಸೈಟ್ ಮಾಡಿ ಅಡ್ವಾನ್ಸ್ ನುಂಗುವವರಿದ್ದಾರೆ. ದುಡ್ಡು ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್.

6. ದುಡ್ಡು

ಇಲ್ಲಿ ಸುಳ್ಳು ಸಮಾಧಾನ ಬೇಡ. ಅತ್ತಿಗೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ದಿನಕ್ಕೆ 32 ಕಿಲೋಮೀಟರ್, ತಿಂಗಳಿಗೆ 26 ದಿನ, ಒಟ್ಟು 832. ಲೀಟರಿಗೆ 45 ಕೊಡುವ ಪೆಟ್ರೋಲ್ ಸ್ಕೂಟರ್ ಆದರೆ ಹದಿನೆಂಟೂವರೆ ಲೀಟರ್. ಲೀಟರಿಗೆ 103 ಹಿಡಿದರೆ 1,900 ರೂಪಾಯಿ. ಎಲೆಕ್ಟ್ರಿಕ್ ಆದರೆ ಪ್ಲಗ್ಗಿನ ನಷ್ಟವೂ ಸೇರಿ 31 ಯೂನಿಟ್. ಯೂನಿಟ್‌ಗೆ 7 ಹಿಡಿದರೂ 217. ಉಳಿತಾಯ 1,680 ಆಚೀಚೆ.

ಇನ್ನು ಸಾಲ. ಒಂದು ಲಕ್ಷಕ್ಕೆ ಶೇ. 11 ಬಡ್ಡಿ, ಮೂರು ವರ್ಷ ಅಂದರೆ ತಿಂಗಳ ಕಂತು ಸುಮಾರು 3,270. ಅಂದರೆ "ಪೆಟ್ರೋಲ್ ಉಳಿತಾಯದಲ್ಲೇ ಕಂತು ಕಟ್ಟಬಹುದು" ಅನ್ನುವುದು ಈ ದೂರಕ್ಕೆ ನಿಜವಲ್ಲ. ಅರ್ಧ ಮಾತ್ರ. ಈಗ ಬಸ್ಸಿನಲ್ಲಿ ಹೋಗುವವರಿಗಂತೂ ಖರ್ಚು ಜಾಸ್ತಿಯೇ ಆಗುತ್ತದೆ. ಅವರು ದುಡ್ಡು ಕೊಟ್ಟು ಕೊಳ್ಳುವುದು ಹೊತ್ತನ್ನು. ಅತ್ತಿಗೆಗೆ ದಿನಕ್ಕೆ ಒಂದು ಗಂಟೆ ಉಳಿಯುತ್ತದೆ, ಮಗಳ ಹೋಂವರ್ಕ್ ನೋಡಲು ಸಿಗುತ್ತದೆ. ಅದಕ್ಕೆ ಬೆಲೆ ಎಷ್ಟು ಅಂತ ಅವರವರೇ ಹೇಳಬೇಕು. ಇಬ್ಬರು ಒಟ್ಟಿಗೆ ಹೋಗಿ ಖರ್ಚು ಹಂಚಿಕೊಂಡರೆ ಲೆಕ್ಕ ತುಂಬಾ ಬದಲಾಗುತ್ತದೆ. ಅತ್ತಿಗೆ ಮಾಡಿದ್ದೂ ಅದನ್ನೇ. ಪಣಂಬೂರಿನಲ್ಲಿ ಹತ್ತುವ ಜೊತೆ ಕೆಲಸದಾಕೆ ಮೊದಲು ಬಸ್ಸಿಗೆ ಕೊಡುತ್ತಿದ್ದದ್ದನ್ನು ಈಗ ಇವರಿಗೆ ಕೊಡುತ್ತಾರೆ.

ಸಬ್ಸಿಡಿ ಬಗ್ಗೆ ಹಳೆಯ ವಿಡಿಯೋ ನೋಡಿ ಹೋಗಬೇಡಿ. ಕೇಂದ್ರದ ಫೇಮ್ 2 ಯೋಜನೆ 2024ರ ಮಾರ್ಚ್ 31ಕ್ಕೆ ಮುಗಿದಿದೆ. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ಪಿಎಂ ಇ-ಡ್ರೈವ್‌ನಲ್ಲಿ 2025ರ ಮಾರ್ಚ್ ತನಕ ಒಂದು ಸ್ಕೂಟರ್‌ಗೆ ಹೆಚ್ಚೆಂದರೆ 10,000 ಇತ್ತು, ಆಮೇಲೆ 5,000ಕ್ಕೆ ಇಳಿಯಿತು. ಸಬ್ಸಿಡಿ ಎಷ್ಟು ಅಂತ ಕೇಳುವ ಬದಲು "ಆನ್‌ರೋಡ್ ಎಷ್ಟು, ಚಾರ್ಜರ್ ಸೇರಿಯಾ, ಆ್ಯಪ್‌ಗೆ ವರ್ಷ ವರ್ಷ ಕಟ್ಟಬೇಕಾ" ಅಂತ ಕೇಳಿ, ಬರೆಸಿಕೊಳ್ಳಿ. ಎರಡು ಮೂರು ಕಡೆಯ ಹಾಳೆ ಪಕ್ಕ ಪಕ್ಕ ಇಟ್ಟರೆ ಎಲ್ಲಿ ಏನು ಸೇರಿಸಿದ್ದಾರೆ ಅಂತ ಕಾಣುತ್ತದೆ.

ಸಾಲಕ್ಕೆ ಶೋರೂಂ ಮೇಜಿನಲ್ಲಿ ಕೂತಿರುವ ಫೈನಾನ್ಸಿನವರೊಬ್ಬರೇ ಅಲ್ಲ. ನಿಮ್ಮ ಸಂಬಳ ಬರುವ ಬ್ಯಾಂಕ್, ನೀವು ಸದಸ್ಯರಾಗಿರುವ ಸಹಕಾರಿ ಸಂಘ, ಎರಡೂ ಕಡೆ ಒಮ್ಮೆ ಕೇಳಿ. ಒಂದೆರಡು ಶೇಕಡ ಬಡ್ಡಿ ಕಡಿಮೆಯಾದರೂ ಲಾಭ.

ಬ್ಯಾಟರಿ ಹೋದರೆ ಹೊಸದಕ್ಕೆ ಗಾಡಿಯ ಬೆಲೆಯ ಅರ್ಧಕ್ಕೆ ಹತ್ತಿರ ಬರುವುದುಂಟು. ಅದಕ್ಕೆ ನಮ್ಮೂರಿನದ್ದೇ ಮದ್ದು ಇದೆ, ಪಿಗ್ಮಿ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ದಿನಕ್ಕೆ ಎರಡಾಣೆಯಂತೆ ಮನೆ ಮನೆಗೆ ಬಂದು ಕೂಡಿಸಿಕೊಳ್ಳಲು ಶುರು ಮಾಡಿದ್ದು. ಆ ಬ್ಯಾಂಕ್ ಈಗ ಕೆನರಾದಲ್ಲಿ ಸೇರಿಹೋಗಿದೆ, ಪಿಗ್ಮಿ ಮಾತ್ರ ಸಂಘ ಸಂಘಗಳಲ್ಲಿ ಉಳಿದಿದೆ. ಪೆಟ್ರೋಲಿಗೆ ಹೋಗುತ್ತಿದ್ದ ದುಡ್ಡಿನಲ್ಲಿ ದಿನಕ್ಕೆ 50ರಂತೆ, ಕೆಲಸಕ್ಕೆ ಹೋಗುವ ತಿಂಗಳ 26 ದಿನವೂ ಹಾಕಿ. ಐದು ವರ್ಷಕ್ಕೆ ಬಡ್ಡಿ ಬಿಟ್ಟೇ 78,000 ಆಗುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವವರಿಗೆ: 2022ರ ಬೇಸಿಗೆಯಲ್ಲಿ ಕೆಲವು ಎಲೆಕ್ಟ್ರಿಕ್ ಗಾಡಿಗಳಿಗೆ ಬೆಂಕಿ ಹತ್ತಿದ ಮೇಲೆ ಬ್ಯಾಟರಿ ಸುರಕ್ಷತೆಯ ನಿಯಮ ಬಿಗಿಯಾಯಿತು. ಎಐಎಸ್ 156 ಅಂತ ಅದರ ಹೆಸರು. ಎರಡನೇ ಹಂತ ಜಾರಿಯಾದದ್ದು 2023ರ ಮಾರ್ಚ್ ಕೊನೆಗೆ. ಹಾಗಾಗಿ 2023ರ ಏಪ್ರಿಲ್ ನಂತರ ತಯಾರಾದ ಗಾಡಿಯನ್ನೇ ಹುಡುಕಿ. ಸರ್ವಿಸ್ ಸೆಂಟರಿನಿಂದ ಬ್ಯಾಟರಿ ಹೆಲ್ತ್ ರಿಪೋರ್ಟ್ ತರಿಸಿ. ಚಾರ್ಜರ್ ಜೊತೆಗೆ ಬರಬೇಕು, ವಾರಂಟಿ ನಿಮ್ಮ ಹೆಸರಿಗೆ ಬರಬೇಕು, ಆ್ಯಪ್‌ನಲ್ಲಿ ಹಳೆಯವರ ಹೆಸರು ತೆಗೆಸಬೇಕು. ಆರ್‌ಸಿಗೆ ಫಾರಂ 29 ಮತ್ತು 30, ಸಾಲ ಇದ್ದ ಗಾಡಿಯಾದರೆ 35 ಕೂಡ.

7. ಮಳೆಗಾಲ

ಗಾಡಿ ಬಂತು. ಪೂಜೆಯೂ ಆಯಿತು, ಚಕ್ರದಡಿ ನಿಂಬೆಹಣ್ಣೂ ಆಯಿತು. ನಿಜವಾದ ಪರೀಕ್ಷೆ ಜೂನ್‌ನಲ್ಲಿ.

ಮೊದಲಿಗೆ ಒಂದು ಭಯ ಬಿಡಿ. ಮಳೆಯಲ್ಲಿ ಓಡಿಸಿದರೆ ಶಾಕ್ ಹೊಡೆಯುವುದಿಲ್ಲ. ಬ್ಯಾಟರಿ ಡಬ್ಬ ಐಪಿ 67 ಅಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಇಟ್ಟರೂ ಒಳಗೆ ಹೋಗದು ಅಂತ ಅರ್ಥ. ಆದರೆ ಅದು ಹೊಸ ಡಬ್ಬದ, ಸಿಹಿ ನೀರಿನ ಪರೀಕ್ಷೆ. ಕೊಟ್ಟಾರ ಚೌಕಿಯಲ್ಲಿ ನಿಲ್ಲುವ ನೀರು, ಪಡೀಲು ರೈಲ್ವೆ ಕೆಳಸೇತುವೆಯ ನೀರು, ಕಲ್ಸಂಕದಲ್ಲಿ ತೋಡು ಉಕ್ಕಿ ಬರುವ ನೀರು ಬೇರೆ. ಕೆಳಗೆ ಗುಂಡಿ ಎಷ್ಟಿದೆ ಅಂತಲೂ ಕಾಣುವುದಿಲ್ಲ. ಕಾಲಿಡುವ ಹಲಗೆಯ ಮಟ್ಟಕ್ಕೆ ನೀರು ಬಂದರೆ ತಿರುಗಿ ಬೇರೆ ದಾರಿ ಹಿಡಿಯಿರಿ.

ಚಾರ್ಜರ್ ಮಾತ್ರ ಗಾಡಿಯಷ್ಟು ಗಟ್ಟಿಯಲ್ಲ. ನೆಲದ ಮೇಲೆ ಇಡಬೇಡಿ, ಗೋಡೆಗೆ ಒಂದು ಮೊಳೆ ಹೊಡೆದು ತೂಗುಹಾಕಿ. ಒದ್ದೆ ಕೈಯಲ್ಲಿ ಮುಟ್ಟಬೇಡಿ. ನೆನೆದು ಬಂದ ತಕ್ಷಣ ಚಾರ್ಜಿಗೆ ಹಾಕುವ ಅವಸರ ಬೇಡ. ಊಟ ಮುಗಿಸಿ, ಚಾರ್ಜಿಂಗ್ ಬಾಯಿಯನ್ನು ಒಣ ಬಟ್ಟೆಯಲ್ಲಿ ಒರೆಸಿ ಆಮೇಲೆ ಹಾಕಿ. ಅಷ್ಟರಲ್ಲಿ ಬ್ಯಾಟರಿಯೂ ತಣ್ಣಗಾಗಿರುತ್ತದೆ. ಆ ಬಾಯಿಯೊಳಗೆ ಇರುವೆ ಗೂಡು ಮಾಡುವುದುಂಟು, ನಗಬೇಡಿ, ನನ್ನದರಲ್ಲಿ ಆಗಿದೆ. ಹೆಗ್ಗಣ ಇರುವ ಶೆಡ್ ಆದರೆ ವಯರಿನ ಮೇಲೆ ವಾರಕ್ಕೊಮ್ಮೆ ಕಣ್ಣು ಹಾಯಿಸಿ.

ಸಿಡಿಲು. ನಮ್ಮಲ್ಲಿ ಅದು ಜುಲೈಯಲ್ಲಿ ಅಲ್ಲ, ಏಪ್ರಿಲ್-ಮೇ ಸಂಜೆಗಳಲ್ಲಿ, ಮತ್ತೆ ಅಕ್ಟೋಬರ್-ನವೆಂಬರ್‌ನಲ್ಲಿ. ಗುಡುಗು ಕೇಳಿದ ಕೂಡಲೇ ಪ್ಲಗ್ ಕಿತ್ತು ಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಟಿವಿಗೆ ಮಾಡುವುದಿಲ್ವಾ, ಹಾಗೆ.

ಗಾಳಿ ಮಳೆಗೆ ಮರ ಬಿದ್ದು ಇಡೀ ರಾತ್ರಿ ಕರೆಂಟ್ ಹೋಗುವುದು ಹೊಸತಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಶೇ. 50ಕ್ಕಿಂತ ಕೆಳಗೆ ಇಳಿಸಬೇಡಿ, ಒಂದು ದಿನ ಕರೆಂಟ್ ಇಲ್ಲದಿದ್ದರೂ ಕೆಲಸಕ್ಕೆ ಹೋಗಿ ಬರಬಹುದು. ಮೆಸ್ಕಾಂ ನಂಬರ್ 1912.

ಓಡಿಸುವಾಗ ಇನ್ನೊಂದು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಈ ಗಾಡಿಗಳು ತಮ್ಮಷ್ಟಕ್ಕೆ ಹಿಡಿದ ಹಾಗೆ ನಿಧಾನವಾಗುತ್ತವೆ. ಆ ಹೊತ್ತಿಗೆ ಬ್ಯಾಟರಿಗೆ ಸ್ವಲ್ಪ ಚಾರ್ಜ್ ಹೋಗುತ್ತದೆ. ಒಣ ರಸ್ತೆಯಲ್ಲಿ ಒಳ್ಳೆಯದೇ. ಪಾಚಿ ಹಿಡಿದ ಇಳಿಜಾರಿನಲ್ಲಿ, ತಿರುವಿನಲ್ಲಿ ತಟ್ಟನೆ ಕೈ ಬಿಟ್ಟರೆ ಹಿಂದಿನ ಚಕ್ರ ಜಾರಬಹುದು. ಮೆಲ್ಲಗೆ ಬಿಡಿ, ಇಕೋ ಮೋಡ್‌ನಲ್ಲಿ ಓಡಿಸಿ. ಸದ್ದಿಲ್ಲದ ಗಾಡಿ ಬೇರೆ, ಬದಿಯಲ್ಲಿ ಕೊಡೆ ಹಿಡಿದು ಹೋಗುವವರಿಗೆ ನೀವು ಬರುವುದೇ ಗೊತ್ತಾಗುವುದಿಲ್ಲ. ಸಣ್ಣಗೆ ಹಾರ್ನ್ ಹಾಕಿ.

ಹಿಂದೆ ಕೂತವರು ಕೊಡೆ ಬಿಡಿಸುವುದು ಬೇಡವೇ ಬೇಡ. ನಮ್ಮ ಕರಾವಳಿಯಲ್ಲಿ ಇದು ಅಭ್ಯಾಸವಾಗಿ ಹೋಗಿದೆ. ಎದುರಿನ ಬಸ್ಸಿನ ಗಾಳಿಗೆ ಕೊಡೆ ತಿರುಗಿದರೆ ಕೂತವರನ್ನೂ ಎಳೆದುಕೊಂಡೇ ಹೋಗುತ್ತದೆ. ಡಿಕ್ಕಿಯಲ್ಲಿ ಎರಡು ರೈನ್‌ಕೋಟ್ ಇಡಿ. ಇಬ್ಬರಿಗೂ ಐಎಸ್‌ಐ ಹೆಲ್ಮೆಟ್.

ಉಳ್ಳಾಲ, ಬೆಂಗ್ರೆ, ಮಲ್ಪೆ, ಪಡುಕೆರೆ ಕಡೆಯವರ ಗಾಡಿಯನ್ನು ಉಪ್ಪು ಗಾಳಿ ತಿನ್ನುತ್ತದೆ. ವಾರಕ್ಕೊಮ್ಮೆ ಬಾಲ್ದಿ ನೀರಿನಲ್ಲಿ ತೊಳೆದು ಒರೆಸಿ. ಪ್ರೆಶರ್ ಪೈಪ್ ಹಿಡಿಯಬೇಡಿ, ಅದು ನೀರನ್ನು ಸೀಲಿನ ಒಳಗೇ ತಳ್ಳುತ್ತದೆ. ಮೀನಿನ ಬುಟ್ಟಿ ಇಡುವವರು ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ. ಉಪ್ಪುನೀರು ತೊಟ್ಟಿಕ್ಕಿ ಹೋಗುವ ಜಾಗದಲ್ಲೇ ವಯರುಗಳು ಇರುವುದು.

ಇಷ್ಟೆಲ್ಲ ಮಾಡಿಯೂ ಒಂದು ದಿನ ಗಾಡಿ ನೀರಿನಲ್ಲಿ ಮುಳುಗಿತು ಅನ್ನಿ. ಕೀ ಆನ್ ಮಾಡಿ ನೋಡುವ ಆಸೆ ತಡೆಯಿರಿ. ಚಾರ್ಜಿಗಂತೂ ಹಾಕಲೇಬೇಡಿ. ದೂಡಿಕೊಂಡು ಎತ್ತರದ, ಮನೆಯಿಂದ ಸ್ವಲ್ಪ ದೂರದ ಜಾಗದಲ್ಲಿ ನಿಲ್ಲಿಸಿ. ನೀರು ಎಲ್ಲಿವರೆಗೆ ಬಂದಿತ್ತು ಅಂತ ಕಾಣುವ ಹಾಗೆ ಫೋಟೋ ತೆಗೆಯಿರಿ. ಇನ್ಶೂರೆನ್ಸಿಗೂ ಸರ್ವಿಸಿಗೂ ಅದೇ ದಿನ ಫೋನ್ ಮಾಡಿ, ಟೋಯಿಂಗ್ ಮಾಡಿಸಿ. ಹೊಸ ಗಾಡಿಗೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯವಾಗಿ ಇರುತ್ತದೆ, ಆದರೆ ನೆರೆ ನೀರಿನ ನಷ್ಟಕ್ಕೆ ಅದು ಒಂದು ಪೈಸೆ ಕೊಡುವುದಿಲ್ಲ. ಗಾಡಿಯ ಸ್ವಂತ ಹಾನಿಗೆ ಇರುವ ಪಾಲಿಸಿ ವರ್ಷ ವರ್ಷ ರಿನ್ಯೂ ಆಗಬೇಕು. ಅದರ ಕೊನೆಯ ತಾರೀಕು ಯಾವುದು ಅಂತ ಮೇ ತಿಂಗಳಲ್ಲೇ ತೆಗೆದು ನೋಡಿ.